ನಡುವೆ ಕೆಂಪಿಲ್ಲದ ಚಕ್ರ

ಏನನ್ನಾದರೂ ನಂಬುವ ಮೊದಲು ನಮ್ಮ ಗಣಿತದ ಅಕ್ಕೋರು ಎಡಗಣ್ಣು ಮುಚ್ಚುತ್ತಿದ್ದರು. ಗದ್ದ ತುಸು ಮೇಲೆತ್ತಿ, ಬಲಗಣ್ಣೊಂದನ್ನೇ ಕಿರಿದು ಮಾಡಿ ಎದುರಿನವರನ್ನು ಅಳೆಯುತ್ತಿದ್ದರು. ಹಾನಗಲ್ಲಿನ ಹೈಸ್ಕೂಲಿನಲ್ಲಿ ಆ ಕಣ್ಣಿಗೆ ಹೆದರದವರಿರಲಿಲ್ಲ. ಉತ್ತರ ಸರಿಯಿದ್ದರೂ ಬಿಡುತ್ತಿರಲಿಲ್ಲ. “ಉತ್ತರ ಬಂತು, ಖರೆ. ಹ್ಯಾಂಗ ಬಂತು ಅದನ್ನ ಹೇಳು” ಎನ್ನುವರು. ಹೇಳಲು ಬಾರದವರಿಗೆ ಅರ್ಧ ಅಂಕ. ನಾನು ಬಹಳ ವರ್ಷ ಅರ್ಧ ಅಂಕದಲ್ಲೇ ಬದುಕಿದವನು.

ನಿವೃತ್ತರಾದ ಮೇಲೆ ಅವರು ಶಿಗ್ಗಾವಿಗೆ ಬಂದು, ನನ್ನ ಫೋಟೋ ಸ್ಟುಡಿಯೋದ ಹಿಂದಿನ ಓಣಿಯಲ್ಲಿ ತಮ್ಮನ ಜೊತೆ ಮನೆ ಮಾಡಿದರು. ಹುಟ್ಟೂರು ಅದೇ ತಾಲೂಕಿನ ದುಂಡಸಿ. ಪಡಸಾಲೆಯಲ್ಲಿ ಬುದ್ಧನ ಸಣ್ಣ ಮೂರ್ತಿ, ಅದರ ಪಕ್ಕದಲ್ಲಿ ಅಂಗೈಯಗಲದ ಹಳೆಯ ಫೋಟೋ. ಬಯಲೊಂದರಲ್ಲಿ ನಿಂತ ಯುದ್ಧವಿಮಾನ, ಅದರ ರೆಕ್ಕೆಯ ಕೆಳಗೆ ಹ್ಯಾಟು ತೊಟ್ಟ ನಾಲ್ಕಾರು ಜನ. ಒಬ್ಬರದು ಮಾತ್ರ ಬರಿತಲೆ. ಅವರೇ ಅಕ್ಕೋರ ಅಪ್ಪ. ಎರಡನೆಯ ಮಹಾಯುದ್ಧದಲ್ಲಿ ಅಸ್ಸಾಮಿನ ಕಡೆ ದುಡಿದು ಬಂದವರು.

ತಾಲೂಕಿನಿಂದ ಆ ಯುದ್ಧಕ್ಕೆ ಹೋದವರ ಹೆಸರುಗಳನ್ನು ಕಲ್ಲಿನ ಫಲಕದಲ್ಲಿ ಕೊರೆಸಿ ಸಭಾಭವನದಲ್ಲಿ ನಿಲ್ಲಿಸಬೇಕೆಂದು ಊರಿನ ಕೆಲವರು ಸಮಿತಿ ಮಾಡಿಕೊಂಡರು. ಅಕ್ಕೋರು ಫೋಟೋ ಹಿಡಿದು ಹೋದರು. ಸಮಿತಿಯವರ ಚಿತ್ರ ತೆಗೆಯಲು ನಾನೂ ಅಲ್ಲಿದ್ದೆ. ಅಧ್ಯಕ್ಷರು ದೊಡ್ಡ ಜಮೀನಿನ ಮನೆತನದ ಹಿರಿಯರು, ಮೆಲುಮಾತಿನವರು.

“ಅಕ್ಕೋರ, ಇದು ವಿಲಾಯತಿ ಫೋಟೋ ಇದ್ದಂಗ ಐತ್ರಿ. ಇಂಥಾವು ಆಗ ಪ್ಯಾಟ್ಯಾಗ ಮಾರಾಕ ಬರತಿದ್ದುವು. ನಿಮ್ಮ ಕೇರಿಯಿಂದ ಯಾರೂ ವಿಮಾನದ ಕಡೆ ಹೋದದ್ದು ನಾವಂತೂ ಕೇಳಿಲ್ಲ.”

ಅಕ್ಕೋರ ಎಡಗಣ್ಣು ಮುಚ್ಚಿತು. “ನೀವು ಕೇಳಿಲ್ಲ ಅಂದ್ರ ಆಗಿಲ್ಲಂತ ಅಲ್ರಿ. ತೋರಸ್ತೇನಿ, ತಡೀರಿ.”

ನೇರ ನನ್ನ ಸ್ಟುಡಿಯೋಕ್ಕೆ ಬಂದರು. ನಾನು ಫೋಟೋವನ್ನು ಸ್ಕ್ಯಾನ್ ಮಾಡಿ ಪರದೆಯ ತುಂಬ ಹಿಗ್ಗಿಸಿದೆ. ಅಲ್ಲಿಯವರೆಗೆ ಕಾಣದಿದ್ದದ್ದು ಮೊದಲು ಕಂಡಿತು. ಉಳಿದವರ ಕಾಲಲ್ಲಿ ಬೂಟುಗಳಿದ್ದವು. ಬರಿತಲೆಯವರು ಬರಿಗಾಲಲ್ಲಿದ್ದರು. ಅಕ್ಕೋರು ಪರದೆಯ ಹತ್ತಿರಕ್ಕೆ ಬಾಗಿ ಆ ಪಾದಗಳನ್ನು ಬೆರಳಿಂದ ಮುಟ್ಟಿದರು. ಆಮೇಲೆ, “ಮುಂದ ಸರಸು, ವಿಮಾನ ತೋರಸು” ಎಂದರು.

ಜೊತೆಗೆ ಬಂದು ಹಿಂದೆ ನಿಂತಿದ್ದ ಅವರ ತಮ್ಮ ಅಂದ: “ಅಕ್ಕಾ, ಸ್ಪಿಟ್‌ಫೈರ್ ಅಂತ ಬರಸಿಬಿಡು. ಅದಕ್ಕ ಹೆಸರೈತಿ. ಅಪ್ಪ ಅದರ ಮೆಕ್ಯಾನಿಕ್ ಇದ್ದಾ ಅಂತ ಹೇಳು. ಯಾರು ಬಂದು ನೋಡ್ತಾರ?”

“ಅಪ್ಪ ಪೆಟ್ರೋಲ್ ಡಬ್ಬಿ ಹೊತ್ತಾನ. ಅದನ್ನ ಹೇಳಾಕ ನನಗ ನಾಚಿಕಿ ಇಲ್ಲ. ಒಂದು ಸುಳ್ಳು ಕೂಡಿಸಿದ್ರ ಖರೇದೂ ಸುಳ್ಳಾಕ್ಕೈತಿ.”

ಆ ಚಳಿಗಾಲವೆಲ್ಲ ಅವರು ವಿಮಾನಗಳನ್ನು ಓದಿದರು. ಪುಸ್ತಕ ತರಿಸಿದರು, ಫೋನಿನಲ್ಲಿ ಹುಡುಕಿದರು, ಸಿಕ್ಕ ಚಿತ್ರಗಳನ್ನು ನನ್ನಿಂದ ಮುದ್ರಿಸಿಕೊಂಡು ಅಡುಗೆಮನೆಯ ಗೋಡೆಗೆ ಅಂಟಿಸಿದರು. ರೊಟ್ಟಿ ಬಡಿಯುತ್ತಲೇ ತಿರುಗಿ ನೋಡುವರು. ಒಂದು ದಿನ ನನ್ನನ್ನು ಕರೆದು ಕೂರಿಸಿ, ತರಗತಿಯಲ್ಲಿ ಪ್ರಮೇಯ ಬಿಡಿಸುವಂತೆ ಬಿಡಿಸಿದರು. ಸ್ಪಿಟ್‌ಫೈರ್‌ನ ಚಕ್ರದ ಕಾಲುಗಳು ಒತ್ತೊತ್ತಾಗಿರುತ್ತವೆ, ಇದರವು ಅಗಲಿಸಿ ನಿಂತಿವೆ. ಅದರ ಬೆನ್ನು ನಯವಾದ ತಗಡು. ಇದು ಗೂನುಬೆನ್ನಿನದು, ಹಿಂಭಾಗದಲ್ಲಿ ಉದ್ದುದ್ದ ಗೆರೆಗಳಿವೆ. ಕಟ್ಟಿಗೆಯ ಪಟ್ಟಿಗಳ ಮೇಲೆ ಬಟ್ಟೆ ಬಿಗಿದದ್ದಕ್ಕೆ ಆ ಗೆರೆಗಳು. ಆದ್ದರಿಂದ ಇದು ಅದೇ ಕಾಲದ ಇನ್ನೊಂದು ಯುದ್ಧವಿಮಾನ, ಹರಿಕೇನ್.

“ಈಗ ಇದನ್ನ ನೋಡು” ಎಂದು ವಿಮಾನದ ಪಕ್ಕೆಯ ಮೇಲಿನ ದುಂಡು ಗುರುತಿಗೆ ಬೆರಳಿಟ್ಟರು. “ವಿಲಾಯತಿಯೊಳಗ ಇದರ ನಡುವ ಕೆಂಪು ಇರತಿತ್ತು. ಫೋಟೋದಾಗ ಅದು ಕಪ್ಪಗ ಕಾಣಬೇಕು. ಇಲ್ಲಿ ನಡುವ ಬೆಳ್ಳಗೈತಿ. ಯಾಕ?”

ನಾನು ಗೋಡೆಯ ಚಿತ್ರಗಳ ಕಡೆ ತಿರುಗಿದೆ.

“ಜಪಾನಿನ ವಿಮಾನದ ಮ್ಯಾಲೆ ಕೆಂಪು ಸೂರ್ಯ ಇರತಿದ್ದಾ. ದೂರಿಂದ ಕೆಂಪು ಕಂಡ ಕೂಡಲೇ ತಮ್ಮವರೇ ತಮ್ಮವರಿಗೆ ಗುಂಡು ಹೊಡದಾರು ಅಂತ, ಬರ್ಮಾದ ಕಡೆ ಕೆಂಪನ್ನ ತಗದುಬಿಟ್ರು. ಇದು ವಿಲಾಯತಿ ಅಲ್ಲ. ಅಪ್ಪ ಹೇಳಿದ ಜಾಗಾನ.” ಅಷ್ಟು ಹೇಳಿ ಸೆರಗಿನಿಂದ ಕನ್ನಡಕ ಒರೆಸಿಕೊಂಡರು.

ಸಮಿತಿಯ ಮುಂದೆ ಇದನ್ನೆಲ್ಲ ಹರಡಿದಾಗ ಅಧ್ಯಕ್ಷರು ತಲೆಯಾಡಿಸಿದರು. “ಒಪ್ಪಿದೆವ್ರಿ. ಆದ್ರ ಅವರು ಕೂಲಿ ಮಾಡಾಕ ಹೋದವರು, ಸಿಪಾಯಿ ಅಲ್ಲಲ್ರಿ. ಕಡೀಗೆ ‘ಇತರೆ’ ಅಂತ ಮಾಡಿ, ಅಲ್ಲಿ ಹಾಕತೇವಿ.”

“ನಿಮ್ಮ ಓಣಿಯವರೊಬ್ಬರು ಅಡಗಿ ಮಾಡಾಕ ಹೋಗಿದ್ರಲ್ರಿ, ಅವರೂ ಇತರೇನ?”

ಅಧ್ಯಕ್ಷರು ಪಟ್ಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಆ ಅಡುಗೆಯವರ ಹೆಸರು ಅದರ ನಡುವೆ, ತನ್ನ ಅಕ್ಷರದ ಜಾಗದಲ್ಲಿತ್ತು.

“ಭಾಗಾಕಾರದಾಗ ಶೇಷ ಉಳೀತೈತ್ರಿ, ಮನಷ್ಯಾರಾಗಲ್ಲ. ‘ಯುದ್ಧಕ್ಕೆ ಹೋದವರು’ ಅಂತ ನೀವ ಬರದೀರಿ. ನಮ್ಮಪ್ಪ ಹೋಗಿದ್ದಾ. ಅ, ಆ, ಇ, ಈ ಹಂಗ ಬರಕೋತ ಹೋಗ್ರಿ, ಅಪ್ಪನ ಅಕ್ಷರ ಬಂದಲ್ಲಿ ಬರೀರಿ. ಅಕ್ಷರಮಾಲಿಗೆ ಕೇರಿ ಗೊತ್ತಿಲ್ಲ.”

ಸಮಿತಿಯವರು ಹೆಸರನ್ನೇ ಬರೆಯಲಿಲ್ಲ. ಫಲಕ ಅನಾವರಣದ ದಿನ ಅಕ್ಕೋರು ಇಸ್ತ್ರಿ ಮಾಡಿದ ಬಿಳಿ ಸೀರೆಯುಟ್ಟು, ನಾನು ದೊಡ್ಡದು ಮಾಡಿಕೊಟ್ಟ ಫೋಟೋವನ್ನು ಎದೆಗೆ ಹಿಡಿದು, ಮುಂದಿನ ಸಾಲಿನಲ್ಲಿ ಎದ್ದು ನಿಂತರು. ಭಾಷಣಗಳು ಶುರುವಾದರೂ ಕೂರಲಿಲ್ಲ.

“ಕುಂದರ್ರಿ ಅಕ್ಕೋರ” ಎಂದರು ಅಧ್ಯಕ್ಷರು, ಮೈಕಿನಲ್ಲೇ.

“ನಮ್ಮಪ್ಪನ ಹೆಸರು ಓದೂತನಕ ನಿಂತಿರ್ತೇನ್ರಿ. ನಿಮ್ಮ ಕಾರ್ಯಕ್ರಮ ನೀವು ನಡಸ್ರಿ.”

ಅವರಿಗಾಗ ಎಪ್ಪತ್ತು ದಾಟಿತ್ತು, ಮೊಣಕಾಲು ನೋವಿತ್ತು. ಹಿಂದಿನ ಸಾಲಿನಲ್ಲಿದ್ದ ಅವರ ಹಳೆಯ ವಿದ್ಯಾರ್ಥಿನಿ, ಬಂಕಾಪುರದ ಒಬ್ಬ ನರ್ಸ್, ಕುರ್ಚಿ ತಂದಳು. ಬೇಡವೆಂದಾಗ ಕುರ್ಚಿಯನ್ನು ಬದಿಗಿಟ್ಟು ತಾನೂ ಪಕ್ಕದಲ್ಲಿ ನಿಂತಳು. ಆಮೇಲೆ ಇನ್ನಿಬ್ಬರು ಎದ್ದರು.

ಮರುದಿನ ಚಿತ್ರಗಳನ್ನು ನೋಡಲು ಬಂದ ಅಧ್ಯಕ್ಷರಿಗೆ ಪ್ರತಿ ಚಿತ್ರದಲ್ಲೂ ಅಕ್ಕೋರು ಕಂಡರು. “ಇವರನ್ನ ಕತ್ತರಿಸಿ ಕೊಡಾಕ ಬರತೈತೇನು?” ಎಂದು ಕೇಳಿದರು. ಬರುತ್ತಿತ್ತು, ಚಿಟಿಕೆ ಹೊಡೆಯುವಷ್ಟರ ಕೆಲಸ. “ಇಲ್ರಿ, ನಾ ಕತ್ತರಿಸೂದಿಲ್ಲ” ಎಂದೆ. ದೊಡ್ಡವರೆದುರು ಹಾಗೆ ಮಾತಾಡಿದ್ದು ನನ್ನ ಜೀವನದಲ್ಲಿ ಅದೇ ಮೊದಲು. ಆ ಮಾತನ್ನು ಹಿಂದೆ ತೆಗೆದುಕೊಳ್ಳಲಿಲ್ಲ.

ಮರುವರ್ಷ ಅದೇ ದಿನ ಫಲಕದ ಹೆಸರುಗಳನ್ನು ಓದುವ ಕಾರ್ಯಕ್ರಮದಲ್ಲೂ ಅಕ್ಕೋರು ನಿಂತರು, ಕೋಲೂರಿಕೊಂಡು. ಆ ಸಲ ಹಾನಗಲ್ಲಿನಿಂದ, ಹಿರೇಕೆರೂರಿನಿಂದ ಅವರ ವಿದ್ಯಾರ್ಥಿಗಳು ಬಸ್ಸು ಹಿಡಿದು ಬಂದಿದ್ದರು. ಅರ್ಧ ಸಭೆ ನಿಂತೇ ಇತ್ತು. ಆದರೂ ಅವರಪ್ಪನ ಹೆಸರು ಓದಲಿಲ್ಲ. ಮುಂದಿನ ಮಳೆಗಾಲದಲ್ಲಿ ಅಕ್ಕೋರು ಜ್ವರ ಹಿಡಿದು ಮಲಗಿದರು, ಏಳಲಿಲ್ಲ. ನೋಡಲು ಹೋದಾಗ ನನಗೆ ಹೇಳಿದ ಕೊನೆಯ ಮಾತು, “ನಾ ಇಲ್ಲಂತ ನೀವ್ಯಾರೂ ಕುಂದರಬ್ಯಾಡ್ರಿ.”

ಮತ್ತೆ ನಿಲ್ಲುವ ಪ್ರಸಂಗ ಬರಲಿಲ್ಲ. ಆ ವರ್ಷದ ಕಾರ್ಯಕ್ರಮಕ್ಕೆ ಮುಂಚೆ ಅಧ್ಯಕ್ಷರು ಫೋನ್ ಮಾಡಿ, ಹೊಸ ಫಲಕ ಮಾಡಿಸಿದ್ದೇವೆ, ಫೋಟೋ ತೆಗೆಯಲು ಬಾ ಎಂದರು.

“ಹೆಸರು ಎಲ್ಲೈತ್ರಿ?” ಎಂದೆ.

“ಅದರ ಜಾಗಾದಾಗ.”

ನಾನೂ ಅಕ್ಕೋರ ತಮ್ಮನೂ ಹೋಗಿ ನೋಡಿದೆವು. ಅವರಪ್ಪನ ಹೆಸರು ಅಕ್ಷರದ ಸಾಲಿನಲ್ಲೇ, ಜಮೀನ್ದಾರ ಮನೆತನದ ಇಬ್ಬರು ದೇಸಾಯರ ನಡುವೆ ಇದೆ. ಮುಂದೆ ‘ವಿಮಾನ ನೆಲೆಯ ಕೂಲಿಕಾರ’ ಎಂದಷ್ಟೇ ಕೊರೆದಿದ್ದಾರೆ. ಅಕ್ಕೋರ ತಮ್ಮ ಆ ಅಕ್ಷರಗಳ ಮೇಲೆ ಕೈಯಾಡಿಸಿ, “ಮೆಕ್ಯಾನಿಕ್ ಅಂತ ಬರಸಿದ್ರ ಅಕ್ಕ ಈ ಕಲ್ಲನ್ನೂ ಒಡಸ್ತಿದ್ಲು” ಎಂದ.