ನಡುಮನೆಯಲ್ಲೊಂದು ನೆಲಮಾಳಿಗೆ

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದಾಗ ನಮ್ಮ ಮದ್ದೂರಿನಲ್ಲಿ ಕಂಪ್ಯೂಟರನ್ನು ಕಣ್ಣಾರೆ ಕಂಡವರು, ನನಗೆ ಗೊತ್ತಿದ್ದಂತೆ, ನಮ್ಮ ಚಿಕ್ಕಪ್ಪ ಒಬ್ಬರೇ. ನಾನಂತೂ ನೋಡಿರಲಿಲ್ಲ. ಆದರೂ ಅದರ ಆಟವೊಂದನ್ನು ನಮ್ಮ ನಡುಮನೆಯಲ್ಲಿ ಮಲಗಿಕೊಂಡೇ ತಿಂಗಳುಗಟ್ಟಲೆ ಆಡಿದೆ ಎಂದರೆ ಈಗಿನ ಮಕ್ಕಳು ನಗುತ್ತಾರೆ. ನಗಲಿ ಬಿಡಿ.

ಮಲಗಿಕೊಂಡು ಅಂದೆನಲ್ಲ, ಅದು ಸೋಮಾರಿತನದಿಂದಲ್ಲ. ಮಂಡ್ಯದ ಕಾಲೇಜಿಗೆ ಹೋಗಿ ಬರುತ್ತಿದ್ದವಳು ಒಂದು ಸಂಜೆ ಬಸ್ಸಿನಿಂದ ಇಳಿಯುವಾಗ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಿದ್ದೆ. ಸೊಂಟದಿಂದ ಪಾದದವರೆಗೆ ಪ್ಲಾಸ್ಟರು. ನೋಡಲು ಬಂದವರು ನನಗೆ ಕಿವಿಯೇ ಇಲ್ಲವೆಂಬಂತೆ ಬಾಗಿಲಲ್ಲಿ ನಿಂತು ಮಾತಾಡುತ್ತಿದ್ದರು. "ಎಣ್ಮಗ ಪಾಪ, ಕುಂಟಿ ಆಗ್ಬುಟ್ರೆ ಏನ್ ಗತಿ ಕಣಮ್ಮ?" ಮೈಯೆಲ್ಲ ಉರಿದುಹೋಗುತ್ತಿತ್ತು. ಆದರೆ ಒಳಗೊಳಗೆ ನನ್ನ ಭಯವೂ ಅದೇ. ಮತ್ತೆ ನಡೆಯುತ್ತೇನೋ ಇಲ್ಲವೋ? ಯಾರ ಜೊತೆಗೂ ಮಾತು ಬೇಡವಾಗಿ ಗೋಡೆಗೆ ಮುಖ ತಿರುಗಿಸಿಬಿಡುತ್ತಿದ್ದೆ.

ಚಿಕ್ಕಪ್ಪನಿಗೆ ಬೆಂಗಳೂರಿನ ಒಂದು ಕಚೇರಿಯ ಕಂಪ್ಯೂಟರ್ ಕೋಣೆಯಲ್ಲಿ ಕೆಲಸ. ಶನಿವಾರ ರೈಲಿಗೆ ಬಂದರೆ ಭಾನುವಾರ ವಾಪಸ್ಸು. ಅಲ್ಲಿ ಕೆಲಸ ಮುಗಿದ ಮೇಲೆ ಅವರೆಲ್ಲ ಸೇರಿ ಆ ಯಂತ್ರದಲ್ಲಿ ಒಂದು ಆಟ ಆಡುತ್ತಿದ್ದರಂತೆ. ಒಂದರ ಕೆಳಗೊಂದು ಕತ್ತಲೆ ನೆಲಮಾಳಿಗೆಗಳು. ನೀನೊಬ್ಬ ವೀರ, ಕೈಯಲ್ಲಿ ಕತ್ತಿ. ಯಾವ ದಿಕ್ಕಿಗೆ ಹೋಗುತ್ತೀಯ ಎಂದು ತಿಳಿಸಿದರೆ ಎದುರಿಗೆ ಏನಿದೆ ಎಂದು ಅದು ಕಾಗದದ ಮೇಲೆ ಅಚ್ಚು ಮಾಡಿ ಹೇಳುತ್ತದೆ. ರಾಕ್ಷಸ ಸಿಕ್ಕರೆ ಹೊಡೆದಾಟ. ಗೆದ್ದರೆ ಚಿನ್ನ, ಮೈಗೆ ಇನ್ನಷ್ಟು ಬಲ. ಸತ್ತರೆ ಮತ್ತೆ ಮೊದಲಿಂದ.

"ಆ ಯಂತ್ರಾನ ಹೊತ್ಕೊಂಡ್ ಬರಕಾಗಲ್ಲ. ನಾನೇ ಯಂತ್ರ ಆಗ್ತೀನಿ, ಆಡ್ತೀಯೇನೇ?" ಎಂದರು ಒಂದು ಶನಿವಾರ.

ಬೇಡ ಅಂದೆ. ಅವರು ಕೇಳಿಸಿಕೊಳ್ಳಲೇ ಇಲ್ಲ. ಕುರ್ಚಿ ಎಳೆದುಕೊಂಡು, ಬೆನ್ನು ಸೆಟೆಸಿ ಕೂತು, ರೇಡಿಯೋ ವಾರ್ತೆಯವರಿಗಿಂತ ಒಣ ದನಿಯಲ್ಲಿ, "ಕತ್ತಲೆ ಕೋಣೆ. ಉತ್ತರಕ್ಕೆ ಬಾಗಿಲು. ಪೂರ್ವಕ್ಕೆ ಮೆಟ್ಟಿಲು. ಏನು ಮಾಡುತ್ತೀಯ?" ಎಂದರು.

"ಉತ್ತರ" ಎಂದು ಬಾಯಿಗೆ ಬಂದುಬಿಟ್ಟಿತು. ಸಿಕ್ಕಿಬಿದ್ದೆ.

ಯಂತ್ರವಾಗಿ ಕೂತರೆ ಚಿಕ್ಕಪ್ಪ ನಗುತ್ತಿರಲಿಲ್ಲ, ಸುಳಿವೂ ಕೊಡುತ್ತಿರಲಿಲ್ಲ. ಅದಕ್ಕೆ ಗೊತ್ತಿಲ್ಲದ್ದನ್ನು ಹೇಳಿದರೆ "ತಿಳಿಯಲಿಲ್ಲ", ಅಷ್ಟೇ. ನನ್ನ ಕತ್ತಿಯ ಏಟು ಬಿತ್ತೋ ತಪ್ಪಿತೋ ಎಂದು ನೋಡಲು ಚೌಕಾಬಾರದ ಕವಡೆ ಹಾಕುತ್ತಿದ್ದರು. ಕವಡೆಯ ಸದ್ದು ಕೇಳಿದ ಕೂಡಲೇ ಅಜ್ಜಿ ಅಡುಗೆಮನೆಯಿಂದ ಎದ್ದು ಬಂದಳು. ಅವಳದು ಕಿರುಗಾವಲಿನ ಕಡೆಯ ಹಳ್ಳಿ. ನೆಲ ಅಗೆದು ರಾಗಿ ತುಂಬಿಡುವ ಹಗೇವುಗಳನ್ನು ನೋಡಿಕೊಂಡೇ ಬೆಳೆದವಳು. ನಾನು ಕೆಳಗಿನ ಮಾಳಿಗೆಗೆ ಇಳಿಯುತ್ತೇನೆ ಅಂದದ್ದೇ ಅಡ್ಡ ಬಂದಳು.

"ಏಯ್, ತಡಿ. ಮೊದ್ಲು ದೀಪ ಇಳ್ಸು. ಗಾಳಿ ಕೆಟ್ಟಿದ್ರೆ ದೀಪ ಆರೋಯ್ತದೆ. ಅಂಗೇ ಇಳಿದ್ರೆ ಉಸ್ರು ಕಟ್ಟಿ ಸತ್ತೋಯ್ತೀಯ ಕಣೇ."

"ತಿಳಿಯಲಿಲ್ಲ" ಅಂದಿತು ಯಂತ್ರ.

"ತಿಳೀಲಿಲ್ವಾ? ಯಾವನ್ಲಾ ಅವ್ನು, ಈ ಆಟ ಕಟ್ಟಿದೋನು? ಒಂದಿನನಾದ್ರೂ ಹಗೇವು ಇಳಿದಿದ್ನಂತಾ?"

"ಅವ್ವ, ಇದು ಆಟ ಕಣವ್ವ" ಎಂದರು ಚಿಕ್ಕಪ್ಪ.

"ಆಟ ಆದ್ರೆ ಉಸ್ರು ಬೇಡ್ವೇನ್ಲಾ?"

ಕೊನೆಗೆ ಯಂತ್ರವೇ ಸೋತು, "ದೀಪ ಇಳಿಯಿತು. ಉರಿಯುತ್ತಿದೆ" ಎಂದಿತು. ನನಗೆ ನಗು ತಡೆಯಲಾಗಲಿಲ್ಲ. ಬಿದ್ದ ಮೇಲೆ ನಾನು ನಕ್ಕದ್ದು ಅವತ್ತೇ ಮೊದಲು.

ಇಂಥ ಆಟದಲ್ಲಿ ನಕ್ಷೆ ಬರೆದುಕೊಳ್ಳದಿದ್ದರೆ ದಾರಿ ತಪ್ಪುವುದು ಗ್ಯಾರಂಟಿ. ಮಲಗಿದವಳು ಬರೆಯುವುದೆಲ್ಲಿ? ಅಮ್ಮ ರಂಗೋಲಿ ಡಬ್ಬಿ ತಂದು, ಮಂಚದ ಪಕ್ಕದ ಕೆಂಪು ನೆಲದ ಮೇಲೆ ಬಾಗಿಲಿಗೊಂದು ಚುಕ್ಕಿ, ದಾರಿಗೊಂದು ಎಳೆ ಎಂದು ಬಿಡತೊಡಗಿದಳು. ಕತ್ತು ಹೊರಳಿಸಿದರೆ ನನ್ನ ಪಾತಾಳವೆಲ್ಲ ಕಾಣುತ್ತಿತ್ತು. ನೆಲ ಒರೆಸಿದಾಗ ಅಳಿಸಿಹೋದದ್ದನ್ನು ಮುಂದಿನ ಶನಿವಾರ ಒಂದು ಎಳೆಯೂ ತಪ್ಪದೆ ಮತ್ತೆ ಬಿಡುತ್ತಿದ್ದಳು. ವಾರವೆಲ್ಲ ದುಡಿದು, ರೈಲಿನಲ್ಲಿ ನಿಂತುಕೊಂಡು ಬಂದ ಚಿಕ್ಕಪ್ಪ ಕಾಫಿ ಕುಡಿದವರೇ ಕುರ್ಚಿ ಎಳೆದುಕೊಳ್ಳುತ್ತಿದ್ದರು. ಒಲೆಯ ಮುಂದೆ ಬೆಂದು ಬಂದ ಅಮ್ಮ ಸೊಂಟ ಬಗ್ಗಿಸಿ ಕೂರುತ್ತಿದ್ದಳು. ಒಂದು ದಿನವೂ ಸಾಕು ಅನ್ನಲಿಲ್ಲ ಇಬ್ಬರೂ. ನಾನು ಆಗ ಅದನ್ನು ಗಮನಿಸಲೂ ಇಲ್ಲ. ಅಂಥವರ ಮನೆಯಲ್ಲಿ ಹುಟ್ಟಿದೆನಲ್ಲ, ಅದೇ ನನ್ನ ಪುಣ್ಯ.

ಪ್ಲಾಸ್ಟರು ಬಿಚ್ಚಿದ ದಿನ ಮಂಡ್ಯದ ಡಾಕ್ಟರು, "ಮೂಳೆ ಚೆನ್ನಾಗಿ ಕೂಡಿದೆ. ಇನ್ನು ನಡೆಸಿ. ನಡೆಯದಿದ್ದರೆ ಮಂಡಿ ಹೀಗೇ ಹಿಡಿದುಕೊಳ್ಳುತ್ತದೆ" ಎಂದರು. ಹೊರಬಂದ ಕಾಲು ಒಣಗಿದ ನುಗ್ಗೇಕಾಯಿಯ ಹಾಗಿತ್ತು. ಮನೆಯಲ್ಲಿ ಎರಡೂ ಕಡೆ ಹಿಡಿದು ನಿಲ್ಲಿಸಿದರೆ, ಪಾದ ನೆಲಕ್ಕೆ ತಾಕಿದ್ದೇ ತಡ, ಮತ್ತೆ ಮುರಿಯಿತೆಂದು ಕಿರುಚಿಕೊಂಡೆ. ಏನೂ ಮುರಿದಿರಲಿಲ್ಲ. ಆದರೆ ಆಮೇಲೆ ಯಾರು ಏನು ಹೇಳಿದರೂ ನಾನು ಮಂಚ ಬಿಡಲಿಲ್ಲ. ಅಪ್ಪ ಬೈದರು, ಅಜ್ಜಿ ಹರಕೆ ಹೊತ್ತಳು, ಅಮ್ಮ ನನಗೆ ಕಾಣದ ಹಾಗೆ ಅತ್ತಳು. ಮಂಡಿ ದಿನದಿನಕ್ಕೂ ಬಿಗಿಯುತ್ತಿರುವುದು ನನಗೂ ತಿಳಿಯುತ್ತಿತ್ತು. ಧೈರ್ಯವೇ ಬರುತ್ತಿರಲಿಲ್ಲ.

ಆ ಶನಿವಾರ ಬಂದ ಚಿಕ್ಕಪ್ಪ ಕಾಲಿನ ಸುದ್ದಿಯನ್ನೇ ಎತ್ತಲಿಲ್ಲ. ಎಂದಿನಂತೆ ಯಂತ್ರವಾಗಿ ಕೂತರು.

"ಉದ್ದನೆಯ ಸುರಂಗ. ಪೂರ್ವಕ್ಕೆ."

ಪೂರ್ವ ಎಂದೆ.

"ಸುರಂಗ ಮುಂದುವರಿದಿದೆ. ಪೂರ್ವಕ್ಕೆ."

ಮತ್ತೆ ಪೂರ್ವ. ಅಮ್ಮ ಎಳೆ ಬಿಡುತ್ತ ಬಿಡುತ್ತ ನಡುಮನೆ ದಾಟಿ, ಹೊಸಿಲು ದಾಟಿ, ಜಗುಲಿಗೆ ಹೋದಳು. ಮೊದಲು ಅವಳ ಬೆನ್ನು ಕಾಣುತ್ತಿತ್ತು, ಆಮೇಲೆ ಅದೂ ಇಲ್ಲ. ಅಲ್ಲಿ ಸುರಂಗ ಕವಲೊಡೆಯಿತು. ಉತ್ತರ ಎಂದೆ.

"ಅಮ್ಮಾ, ಉತ್ತರಕ್ಕೆ ತಿರುಗಿಸಿದ್ಯಾ?"

"ಊಂ, ದಕ್ಸಿಣಕ್ಕೆ ತಿರುಗ್ಸಿವ್ನಿ."

"ದಕ್ಷಿಣಕ್ಕಲ್ಲ! ಉತ್ತರಕ್ಕೆ!"

"ಯಾಕೋ ನಂಗೊಂದೂ ಗೊತ್ತಾಯ್ತಿಲ್ಲ. ಬಂದ್ ನೀನೇ ನೋಡು."

ಅಷ್ಟು ದಿನ ಒಂದು ಚುಕ್ಕಿ ತಪ್ಪದವಳಿಗೆ ಇವತ್ತೇನು ಬಂತು? ಚಿಕ್ಕಪ್ಪನಿಗೆ ಹೇಳಿದರೆ "ತಿಳಿಯಲಿಲ್ಲ" ಎಂದರು. ನನಗೆ ರೇಗಿಹೋಯಿತು. ಗೋಡೆಗೆ ಕೈ ಕೊಟ್ಟು ಎದ್ದೆ. ಬೈಯುತ್ತಲೇ ಎದ್ದೆ, ಬೈಯುತ್ತಲೇ ಒಂದು ಹೆಜ್ಜೆ ಇಟ್ಟೆ, ಇನ್ನೊಂದು ಇಟ್ಟೆ. ನೋವಿತ್ತು, ಜೀವ ಹೋಗುವಷ್ಟು ನೋವಿತ್ತು. ಚಿಕ್ಕಪ್ಪ ಕುರ್ಚಿ ಬಿಟ್ಟು ಅಲುಗಲಿಲ್ಲ. ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದಳು.

ಹೊಸಿಲಿನ ತನಕ ಹೋಗಿ ಬಾಗಿಲು ಹಿಡಿದು ನಿಂತೆ. ಜಗುಲಿಯ ತುಂಬ ರಂಗೋಲಿ, ಕಾಲಿಡಲು ಜಾಗವಿಲ್ಲ. ಆ ತುದಿಯಲ್ಲಿ ಅಮ್ಮ, ಬೆರಳಲ್ಲಿ ಪುಡಿ ಹಿಡಿದುಕೊಂಡವಳು, ನನ್ನ ಪಾದಗಳನ್ನೇ ನೋಡುತ್ತಿದ್ದಳು. ರಂಗೋಲಿ ತುಳಿಯುವುದು ಹೇಗೆ ಎಂದು ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದೆ.

"ತುಳಿಯೇ," ಎಂದಳು ಅಮ್ಮ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ಎಲ್ಲಾನೂ ತುಳ್ಕಂಡೇ ಬಾರೇ, ನನ್ನವ್ವ."