ನಮ್ಮ ಕಡೆ ಎಲ್ಲ ಗಟ್ಟಿ

ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಅರಿವಳಿಕೆಯಿಂದ ತೊಂದರೆಯಾಗಿದೆಯೇ? ಆಕ್ಲೆಂಡಿನ ನಮ್ಮ ಆಸ್ಪತ್ರೆಯಲ್ಲಿ ಆಪರೇಷನ್ನಿಗೆ ಮುಂಚೆ ಎಲ್ಲರಿಗೂ ಈ ಪ್ರಶ್ನೆ ಕೇಳುತ್ತೇವೆ. ಇಲ್ಲಿಯ ಜನ ಅಜ್ಜಿಯ ಮಂಡಿನೋವಿನಿಂದ ಶುರುಮಾಡಿ ಎಲ್ಲ ಹೇಳಿಬಿಡುತ್ತಾರೆ. ನಮ್ಮವರಿಗೆ ಮಾತ್ರ ಅದು ಹೆಣ್ಣು ನೋಡಲು ಬಂದವರು ಕೇಳಿದ ಹಾಗೆ ಕೇಳಿಸುತ್ತದೆ. ಮನೆತನದ ಮಾತು ಬಂದ ಕೂಡಲೇ ಬಾಯಿ ಬಿಗಿಯುತ್ತದೆ. ನೋಡಿ ನೋಡಿ ನನಗೆ ರೋಸಿಹೋಗಿದೆ.

ಮೈಸೂರಿನಲ್ಲಿ ನರ್ಸಿಂಗ್ ಕಲಿತು ಬಂದ ನಾನು, ಆಪರೇಷನ್ ಆದವರು ಎಚ್ಚರಗೊಳ್ಳುವ ರಿಕವರಿ ಕೋಣೆಯಲ್ಲಿ ಕೆಲಸ ಮಾಡುತ್ತೇನೆ. ಆ ಬೆಳಗ್ಗೆ ಇಲ್ಲಿಯದೇ ಬಡಾವಣೆ ಬಾಟನಿ ಡೌನ್ಸ್‌ನಿಂದ ಚೊಚ್ಚಲ ಹೆರಿಗೆಗೆ ಬಂದಿದ್ದ ಕನ್ನಡದ ಹುಡುಗಿಯೊಬ್ಬಳ ಹೊಟ್ಟೆಯಲ್ಲಿ ಮಗುವಿನ ಎದೆಬಡಿತ ಇಳಿಯತೊಡಗಿತು. ತುರ್ತು ಸಿಸೇರಿಯನ್ ಆಗಬೇಕಿತ್ತು. ಗಂಡ ಕೆಲಸದ ಮೇಲೆ ದೂರದ ಪೊರಿರುವಾ ಊರಿಗೆ ಹೋಗಿದ್ದ. ಜೊತೆಯಲ್ಲಿದ್ದವರು ಅತ್ತೆ ಮತ್ತು ಬಾಣಂತನಕ್ಕೆಂದು ತುಮಕೂರಿನಿಂದ ಬಂದಿದ್ದ ತಾಯಿ.

ಪ್ರಶ್ನೆಗೆ ಹುಡುಗಿ ನೋವಿನಲ್ಲೇ ಇಲ್ಲವೆಂದಳು. ಅರಿವಳಿಕೆ ಕೊಡುವ ವೈದ್ಯೆ ತಾಯಿಯನ್ನೂ ಕೇಳಿದರು. ಮನೆಯವರಿಂದ ಅನುವಾದ ಮಾಡಿಸಬಾರದು, ದುಭಾಷಿಯನ್ನೇ ಕರೆಸಬೇಕು ಎಂಬ ನಿಯಮ ನಮ್ಮಲ್ಲಿದೆ. ಸಮಯವಿರಲಿಲ್ಲ. ಇಂಗ್ಲಿಷ್ ಬಲ್ಲ ಅತ್ತೆಯೇ ಪ್ರಶ್ನೆಯನ್ನು ಕನ್ನಡಕ್ಕೆ ತಿರುಗಿಸಿದರಂತೆ.

"ಬೀಗ್ರೇ, ನಿಮ್ಮನೇಲಿ ಯಾರಿಗಾದ್ರೂ ಮತ್ತಿನ ಇಂಜೆಕ್ಷನ್ನಿಂದ ಏನಾದ್ರೂ ತೊಂದ್ರೆ ಆಗಿತ್ತಾ?"

"ಅಯ್ಯೋ, ಎಂಥದೂ ಇಲ್ಲ. ನಮ್ಮ ಕಡೆ ಎಲ್ಲ ಗಟ್ಟಿ."

ಮಗು ಕ್ಷೇಮವಾಗಿ ಹುಟ್ಟಿತು. ತಾಯಿಯಾದವಳು ಏಳಲಿಲ್ಲ.

ಗಂಟಲಿಗೆ ಟ್ಯೂಬು ಇಳಿಸುವ ಮುನ್ನ ಮೈಯ ಸ್ನಾಯುಗಳನ್ನು ಸಡಿಲಿಸಲು ಒಂದು ಇಂಜೆಕ್ಷನ್ ಕೊಡುತ್ತಾರೆ. ಅದು ಸ್ವಲ್ಪ ಹೊತ್ತಿನಲ್ಲೇ ರಕ್ತದಲ್ಲಿ ಕರಗಿಹೋಗಬೇಕು. ಕೆಲವರ ಮೈಗೆ ಅದನ್ನು ಕರಗಿಸುವ ಶಕ್ತಿ ಹುಟ್ಟಿನಿಂದಲೇ ಇರುವುದಿಲ್ಲ. ಅಪ್ಪನಿಂದಲೂ ಅಮ್ಮನಿಂದಲೂ ಒಂದೇ ಕೊರತೆ ಬಂದರೆ ಹೀಗಾಗುತ್ತದೆ. ಆಗ ಎಚ್ಚರವಾದರೂ ರೆಪ್ಪೆ ಅಲ್ಲಾಡಿಸಲು ಆಗದು, ಉಸಿರೆಳೆದುಕೊಳ್ಳಲೂ ಆಗದು. ವೆಂಟಿಲೇಟರ್ ಉಸಿರಾಡಿಸುತ್ತಿದ್ದರೆ ಕೆಲವು ಗಂಟೆಗಳಲ್ಲಿ ತಾನಾಗಿ ಸರಿಹೋಗುತ್ತದೆ. ಕಾಯುವುದೇ ಚಿಕಿತ್ಸೆ.

ಟ್ಯೂಬಿನೊಂದಿಗೇ ಅವಳನ್ನು ನನ್ನ ಕೋಣೆಗೆ ತಂದರು. ನಾಡಿ ಓಡುತ್ತಿತ್ತು, ಮುಚ್ಚಿದ ಕಣ್ಣಿನಿಂದ ನೀರಿಳಿಯುತ್ತಿತ್ತು. ಇವಳಿಗೆ ಎಚ್ಚರವಾಗಿದೆ ಎಂದು ನಾನು ಕೂಗಿದೆ. ಅರಿವಳಿಕೆ ವೈದ್ಯೆ ಓಡಿಬಂದು ನಿದ್ದೆ ಬರಿಸಿದರು. ಅಷ್ಟರೊಳಗೆ ಅವಳ ಕಿವಿಯ ಬಳಿ ಬಗ್ಗಿ, "ಹೆದರ್ಬೇಡ ಕಣಮ್ಮ, ಮಗು ಚೆನ್ನಾಗಿದೆ" ಎಂದೆ.

ಅತ್ತೆ ಮಗುವಿನ ಹತ್ತಿರ ಹೋಗಿದ್ದರು. ಒಬ್ಬರೇ ಕೂತಿದ್ದ ತಾಯಿಯ ಪಕ್ಕ ಕೂತು, ನಿಮ್ಮ ಗಂಡ ನಿಮಗೆ ಮೊದಲೇ ಸಂಬಂಧಿಕರೇನಮ್ಮ ಎಂದು ಕೇಳಿದೆ.

"ನನ್ನ ಸೋದರಮಾವಂಗೇ ಕೊಟ್ಟಿದ್ರು" ಎಂದರು. ಬಾಗಿಲ ಕಡೆ ಒಮ್ಮೆ ನೋಡಿ, "ನನ್ನ ತಮ್ಮನೂ ಹಿಂಗೇ ಆದ. ಹರ್ನಿಯಾ ಆಪರೇಷನ್ನು. ಮತ್ತಿನ ಇಂಜೆಕ್ಷನ್ ಕೊಟ್ಮೇಲೆ ಏಳ್ಲೇ ಇಲ್ಲ. ಹಾರ್ಟ್ ಅಟ್ಯಾಕ್ ಅಂದ್ವಿ. ಎರಡು ಹೆಣ್ಮಕ್ಕಳನ್ನ ಇಟ್ಕೊಂಡು ಯಾವ ಬಾಯಲ್ಲಿ ಹೇಳೋದು ಸಿಸ್ಟರ್? ಅದೂ ಬೀಗಿತ್ತಿ ಎದುರಿಗೆ."

ನನಗೆ ಸಿಟ್ಟು ನೆತ್ತಿಗೇರಿತು. ಒಂದೇ ಒಂದು ಮಾತು ಹೇಳಿದ್ದರೆ ಆ ಇಂಜೆಕ್ಷನ್ನನ್ನೇ ಮುಟ್ಟುತ್ತಿರಲಿಲ್ಲ. ಬೈಯಲು ಬಾಯಿ ತೆರೆದವಳು ಆಕೆಯ ಮುಖ ನೋಡಿ ಎದ್ದುಬಂದೆ.

ಮಧ್ಯಾಹ್ನ ಹುಡುಗಿಯ ಬೆರಳು ಅಲುಗಿತು. ಆಮೇಲೆ ತಾನೇ ಉಸಿರಾಡಿದಳು. ಟ್ಯೂಬು ತೆಗೆದ ಮೇಲೆ ತಾಯಿಯನ್ನು ಒಳಗೆ ಕರೆದೆವು. ಒಡಹುಟ್ಟಿದವರ ರಕ್ತ ಪರೀಕ್ಷೆ ಆಗಲೇಬೇಕು ಎಂದು ವೈದ್ಯೆ ಹೇಳಿದ್ದನ್ನು, ಫೋನಿನಲ್ಲಿದ್ದ ದುಭಾಷಿ ಕನ್ನಡದಲ್ಲಿ ತಿಳಿಸಿದರು. ವೈದ್ಯೆ ಆಚೆ ಹೋದದ್ದೇ ತಡ, ತಾಯಿ ನನ್ನ ಕೈ ಹಿಡಿದುಕೊಂಡರು.

"ಚಿಕ್ಕವಳ ಮದ್ವೆ ಗೊತ್ತಾಗಿದೆ. ಅವಳಿಗೆ ಈಗ್ಲೇ ಹೇಳೋದು ಬೇಡ ಸಿಸ್ಟರ್. ದಮ್ಮಯ್ಯ."

ಹಾಸಿಗೆಯಿಂದ ಒಡಕು ದನಿ ಬಂತು. "ಅಮ್ಮ, ನಂಗೆ ಎಚ್ಚರ ಇತ್ತು. ಕೂಗೋಕ್ಕಾಗ್ಲಿಲ್ಲ. ಎಲ್ಲ ಕೇಳಿಸ್ತಿತ್ತು. ಸತ್ತೋಗಿದೀನಿ, ಹೂಳ್ಬಿಡ್ತಾರೆ ಅನ್ಕೊಂಡೆ."

ತಾಯಿ ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ಹಂಗಾದ್ರೆ ನನ್ನ ತಮ್ಮಂಗೂ ಕೇಳಿಸ್ತಿತ್ತಾ?"

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ಸಣ್ಣ ನರ್ಸಿಂಗ್ ಹೋಮು. ಉಸಿರಾಡ್ಸೋ ಮಿಷಿನ್ ಇರ್ಲಿಲ್ಲ. ಕೈಯಲ್ಲೇ ಬಲೂನ್ ಒತ್ತಿ ಉಸಿರು ಕೊಡ್ತಿದ್ರು. ಇನ್ನು ಪ್ರಯೋಜನ ಇಲ್ಲ, ಏನ್ಮಾಡೋಣ ಅಂತ ನನ್ನ ಕೇಳಿದ್ರು. ಅವನ ತಲೆ ಹತ್ರಾನೇ ನಿಂತಿದ್ದೆ." ಆಕೆಯ ಹಿಡಿತ ಬಿಗಿಯಾಯಿತು. "ಇನ್ನೂ ಎಷ್ಟು ಹೊತ್ತು ಒತ್ತಬೇಕಿತ್ತು?"

ಸುಳ್ಳು ಹೇಳಬಹುದಿತ್ತು. ಆದರೆ ಊರಿನಲ್ಲಿ ಇನ್ನೊಬ್ಬ ಮಗಳಿದ್ದಳು.

"ಇವಳಿಗೆ ಹಿಡಿದಷ್ಟು" ಎಂದೆ.

"ಬೆಳಗ್ಗೆಯಿಂದ ಮಧ್ಯಾಹ್ನ. ಅಷ್ಟೇನಾ?"

ನನ್ನ ಕೈ ಬಿಟ್ಟು ಅವರು ಫೋನ್ ತೆಗೆದರು. ತುಮಕೂರಿನಲ್ಲಿ ಆಗಷ್ಟೇ ಬೆಳಗಾಗಿತ್ತು. ಅತ್ತೆ ಮಗುವನ್ನೆತ್ತಿಕೊಂಡು ಬಂದು ಬಾಗಿಲಲ್ಲಿ ನಿಂತರು. ಅವರನ್ನು ಕಂಡೂ ತಾಯಿ ದನಿ ತಗ್ಗಿಸಲಿಲ್ಲ.

"ಕೂತ್ಕೊಂಡು ಕೇಳು" ಎಂದರು ಫೋನಿನಲ್ಲಿ ಚಿಕ್ಕ ಮಗಳಿಗೆ. "ನಿಮ್ಮ ಮಾವ ಹಾರ್ಟ್ ಅಟ್ಯಾಕಲ್ಲಿ ಹೋಗ್ಲಿಲ್ಲ ಕಣೆ. ಇನ್ನೂ ಇದ್ದ. ನಾನೇ ಬಿಟ್ಬಿಡಿ ಅಂದೆ."