ಕಾಕಿಗಾಗಿ ಸೀಳಿದ ಜೇಕು

ಭೀಮಾ ಹೊಳೆಯ ಆಚೆ ದಂಡೆಗೆ ಸ್ವಾತಂತ್ರ್ಯ ಬಂದು, ಈಚೆ ದಂಡೆಗೆ ಇನ್ನೂ ಬಾರದಿದ್ದ ಕಾಲ ಅದು. ನಮ್ಮೂರು ಈಚೆ ದಂಡೆಯದು, ಕರಜಗಿಯಿಂದ ಎರಡು ಹರದಾರಿ. ನಿಜಾಮರ ರಾಜ್ಯ ಉಳಿಯುತ್ತದೋ ಹೋಗುತ್ತದೋ ಎಂದು ದೊಡ್ಡವರು ಬಾಗಿಲು ಮುಂದೆ ಮಾಡಿಕೊಂಡು ಪಿಸುಗುಡುತ್ತಿದ್ದರು. ಗಲಾಟೆಗೆ ಅಂಜಿ ಊರ ಗಂಡಸರಲ್ಲಿ ಅರ್ಧಕ್ಕರ್ಧ ಮಂದಿ ಹೊಳೆ ದಾಟಿ ಆಚೆ ಊರುಗಳಲ್ಲಿ ಉಳಿದಿದ್ದರು. ನಮ್ಮಪ್ಪ, ಕಾಕಾ ಇಬ್ಬರೂ ಅಲ್ಲೇ ಇದ್ದರು. ಯಾವಾಗಲೋ ಒಮ್ಮೆ ಹರಿಗೋಲಿನಲ್ಲಿ ಬಂದು, ಹೊಲದ ಸುದ್ದಿ ಕೇಳಿ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಸಿಕೊಂಡು ಹೋಗುತ್ತಿದ್ದರು. ನನಗಾಗ ಒಂಬತ್ತು ವರ್ಷ.

ನನ್ನನ್ನು ಹಡೆದವಳು ನಾನು ಎರಡು ವರ್ಷದವಳಿದ್ದಾಗಲೇ ತೀರಿಕೊಂಡಿದ್ದಳು. ಬೆಳೆಸಿದವಳು ಶರಣವ್ವ ಕಾಕಿ, ಅಪ್ಪನ ತಮ್ಮನ ಹೆಂಡತಿ. ಆಳಂದ ಕಡೆಯ ಮಟಕಿಯಿಂದ ಮದುವೆಯಾಗಿ ಬಂದ ದಿನವೇ ನನ್ನನ್ನು ಕಂಕುಳಿಗೆ ಹಾಕಿಕೊಂಡಳಂತೆ. ಮುಂದೆ ಅವಳಿಗೆ ಎರಡು ಹೆಣ್ಣುಮಕ್ಕಳಾದವು. ಆದರೂ ತಲೆ ಬಾಚುವಾಗ ಮೊದಲು ನನ್ನ ತಲೆ, ಆಮೇಲೆ ಅವುಗಳದು. ಅವಳ ಸೆರಗಿಗೆ ಒಲೆಯ ಹೊಗೆ ಮತ್ತು ಕೊನ್ನಾರಿ ಗಡ್ಡೆಯ ವಾಸನೆ ಇರುತ್ತಿತ್ತು. ಹೊಲದಲ್ಲಿ ಕಳೆಯೆಂದು ಕಿತ್ತೊಗೆಯುವ ಕೊನ್ನಾರಿಯ ಗಡ್ಡೆಗಳನ್ನು ಅವಳು ತೊಳೆದು, ಒಣಗಿಸಿ, ಕುಟ್ಟಿ ಸೀಗೆಪುಡಿಗೆ ಬೆರೆಸುತ್ತಿದ್ದಳು.

ನಮ್ಮ ಹಿತ್ತಲು ದಾಟಿದರೆ ಹಳ್ಳ. ಹಳ್ಳ ಹೊಳೆಯನ್ನು ಸೇರುವಲ್ಲಿ ಮೊಣಕಾಲುದ್ದ ನೀರು ನಿಂತು, ಅದರ ತುಂಬ ಜೇಕು ಬೆಳೆಯುತ್ತಿತ್ತು. ದೂರದಿಂದ ನೋಡಿದವರಿಗೆ ಎಲ್ಲವೂ ಹುಲ್ಲೇ. ಕಾಕಿ ನನ್ನ ಕಣ್ಣು ಮುಚ್ಚಿಸಿ ಕೈಗೆ ಒಂದೊಂದೇ ದಂಟು ಕೊಡುತ್ತಿದ್ದಳು.

"ಬಟ್ಟಿನಾಗ ಹೊಳ್ಳಿಸಿ ನೋಡು, ನೀಲಾ. ಮೂರು ಮೂಲಿ ಹತ್ತಾಕತ್ತಾವಿಲ್ಲೋ? ಇದು ಜೇಕು. ಗುಂಡಗ ಇದ್ದು ನಡುನಡುವ ಗಂಟು ಹತ್ತಿದ್ರ ಅದು ಹುಲ್ಲು. ದಪ್ಪನ ಪಟ್ಟಿಯಂಥಾ ಎಲಿ ಇದ್ರ ಆಪು."

ಆಪಿನ ಚಾಪೆ ಪೇಟೆಯಲ್ಲೂ ಸಿಗುತ್ತಿತ್ತು. ಜೇಕಿನ ಚಾಪೆಯನ್ನು ಕಾಕಿ ಮನೆಯಲ್ಲೇ ಹೆಣೆಯುತ್ತಿದ್ದಳು. ಕೊಯ್ದ ಜೇಕನ್ನು ಅಂಗಳದಲ್ಲಿ ಹರವಿದಾಗ ಹಸಿ ಕೆಸರಿನ, ಸ್ವಲ್ಪ ಸಿಹಿಯಾದ ಒಂದು ವಾಸನೆ ಎರಡು ದಿನ ಮನೆಯಲ್ಲೆಲ್ಲ ಇರುತ್ತಿತ್ತು.

ಆ ಮುಂಗಾರಿನಲ್ಲಿ ಕಾಕಿ ಮತ್ತೆ ಆರು ತಿಂಗಳ ಬಸುರಿ. ಮನೆಯಲ್ಲಿ ಅದು ಸಂತೋಷದ ಸುದ್ದಿಯಾಗಿರಲಿಲ್ಲ. ಆಯಿ, ಅಂದರೆ ನಮ್ಮ ಅಜ್ಜಿ, ಕೆಟ್ಟವಳೇನಲ್ಲ. ಆದರೆ ಇಬ್ಬರು ಗಂಡುಮಕ್ಕಳಿದ್ದೂ ಅವಳಿಗೆ ಮೂರು ಮೊಮ್ಮಕ್ಕಳೂ ಹೆಣ್ಣೇ. ಅಪ್ಪ ಇನ್ನೊಂದು ಮದುವೆಗೆ ಒಪ್ಪಿರಲಿಲ್ಲ. ಮನೆಗೊಂದು ಗಂಡು ಇಲ್ಲದೆ ಕಣ್ಣು ಮುಚ್ಚುವುದು ಹೇಗೆ ಎಂಬ ಚಿಂತೆ ಅವಳನ್ನು ಸುಡುತ್ತಿತ್ತು. ಒಂದು ದಿನ ಪುಂಡಿಪಲ್ಯ ಸೋಸುತ್ತ ಕೂತವಳು ಎಲ್ಲರ ಎದುರಿಗೇ ಅಂದುಬಿಟ್ಟಳು.

"ಈ ಸಲಾನೂ ಹೆಣ್ಣಾದ್ರ ನಮ್ಮಣ್ಣನ ಮಗಳನ್ನ ನಿನ್ನ ಗಂಡಗ ತರ್ತೇನಿ. ಮೊದಲ ಹೇಳೇನಿ, ಆಮ್ಯಾಲ ಅಳಬ್ಯಾಡ."

ಅಂದು ಮಧ್ಯಾಹ್ನ ಕಾಕಿ ನನ್ನನ್ನು ಕರೆದುಕೊಂಡು ಹಳ್ಳಕ್ಕೆ ಹೋದಳು. ಒಂದು ಜೇಕಿನ ದಂಟು ಕಿತ್ತು, ತಲೆ ಮುರಿದು, ಒಂದು ತುದಿ ನನ್ನ ಕೈಗೆ ಕೊಟ್ಟಳು. ಆ ಆಟ ನಮ್ಮಲ್ಲಿ ಎಲ್ಲ ಹುಡುಗಿಯರಿಗೂ ಗೊತ್ತಿತ್ತು. ಆ ತುದಿಯನ್ನು ಒಬ್ಬರು, ಈ ತುದಿಯನ್ನು ಇನ್ನೊಬ್ಬರು ಉಗುರಿನಿಂದ ಸೀಳಿ, ಎರಡೂ ಕಡೆಯಿಂದ ನಿಧಾನ ಎಳೆಯುತ್ತ ಬರಬೇಕು. ಸೀಳುಗಳು ನಡುವೆ ಕೂಡಿದಾಗ ಚೌಕದ ಹಾಗೆ ಬಿಚ್ಚಿಕೊಂಡರೆ ಬಸುರಿಗೆ ಹೆಣ್ಣು, ದಂಟು ಉದ್ದಕ್ಕೆ ಎರಡು ಹೋಳಾಗಿ ಕಳಚಿ ಬಂದರೆ ಗಂಡು.

ಚೌಕ ಬಿತ್ತು. ಇನ್ನೊಂದು ಕಿತ್ತೆವು. ಮತ್ತೆ ಚೌಕ. ಮರುದಿನವೂ ಅದೇ. ಕಾಕಿ ನಕ್ಕು ದಂಟನ್ನು ನೀರಿಗೆ ಎಸೆದಳು, ಆದರೆ ನಗುವಾಗ ಅವಳ ತುಟಿ ಅದುರುತ್ತಿದ್ದುದನ್ನು ನಾನು ನೋಡಿದೆ.

ಆ ವಾರವೆಲ್ಲ ನಾನು ಗೆಳತಿಯರ ಜೊತೆ ಕೂತು ಜೇಕು ಸೀಳಿದೆ. ಸೀಳಿ ಸೀಳಿ ಒಂದು ಗುಟ್ಟು ಕಂಡುಕೊಂಡೆ. ಎದುರಿನವರು ತಮ್ಮ ತುದಿಯಲ್ಲಿ ಉಗುರು ಯಾವ ಬದಿಗೆ ಊರುತ್ತಾರೋ ನೋಡಿ, ನನ್ನ ತುದಿಯಲ್ಲೂ ಅದೇ ಬದಿಗೆ ಊರಿದರೆ ದಂಟು ತಪ್ಪದೆ ಎರಡಾಗುತ್ತಿತ್ತು. ಅಡ್ಡ ಊರಿದರೆ ಚೌಕ. ಹೊಟ್ಟೆಯೊಳಗಿನ ಕೂಸಿಗೂ ಅದಕ್ಕೂ ಯಾವ ಸಂಬಂಧವೂ ಇರಲಿಲ್ಲ.

ಅದನ್ನು ಕಾಕಿಗೆ ಹೇಳಬಹುದಿತ್ತು. ಹೇಳಲಿಲ್ಲ. ನಾನೇ ಅವಳ ಕೈ ಹಿಡಿದು ಹಳ್ಳಕ್ಕೆ ಎಳೆದೊಯ್ದೆ. ಅವಳ ಉಗುರು ನೋಡಿದೆ, ನನ್ನ ಉಗುರು ಊರಿದೆ. ದಂಟು ಬೆಣ್ಣೆಯ ಹಾಗೆ ಎರಡಾಗಿ ಬಂತು.

"ಗಂಡು, ಕಾಕಿ!"

"ಖರೇನ? ಇನ್ನೊಂದು ತಗಿ ಬೇ."

ಐದು ದಂಟು ಸೀಳಿದೆವು. ಐದೂ ಗಂಡು. ಕಾಕಿ ಕೆಸರುಗೈಯಲ್ಲೇ ನನ್ನ ಗಲ್ಲ ಹಿಡಿದು ಲಟಿಕೆ ಮುರಿದಳು. ಅಂದಿನಿಂದ ಅವಳು ಬೇರೆಯೇ ಹೆಂಗಸಾದಳು. ಬೀಸುವಾಗ ಹಾಡಿದಳು. ಆಯಿಯ ಮಾತಿಗೆ ನಗುತ್ತ ಉತ್ತರ ಕೊಟ್ಟಳು. ಹೊಟ್ಟೆಯ ಮೇಲೆ ಕೈಯಿಟ್ಟು "ಏ ಮಗನ, ಸುಮ್ಮನಿರು" ಅನ್ನುವಳು. ಅವಳ ಮುಖ ನೋಡಿ ನನಗೆ ಎಂಥ ಹೆಮ್ಮೆ! ಒಂಬತ್ತು ವರ್ಷದವಳು ನಾನು, ಒಂದು ಇಡೀ ಮನೆಯನ್ನು ನಗಿಸಿದ್ದೆ.

ಕುಬಸದ, ಅಂದರೆ ಸೀಮಂತದ ದಿನ ಬಂತು. ಆ ಗದ್ದಲದ ವರ್ಷದಲ್ಲೂ ಆಯಿ ಹೋಳಿಗೆ, ಕರ್ಚಿಕಾಯಿ ಮಾಡಿಸಿ, ಓಣಿಯ ಮುತ್ತೈದೆಯರನ್ನೆಲ್ಲ ಕರೆದಿದ್ದಳು. ಹಸಿರು ಸೀರೆ, ಹಸಿರು ಬಳೆ ತೊಟ್ಟು ಕಾಕಿ ನಡುಮನೆಯಲ್ಲಿ ಕೂತಿದ್ದಳು. ಯಾರೋ ಒಬ್ಬಳು ಹುಡುಗಾಟಕ್ಕೆ, "ಶರಣವ್ವಾ, ಈ ಸಲಾನೂ ಹೆಣ್ಣಾದ್ರ ಏನ್ ಮಾಡ್ತಿ?" ಎಂದು ಕೇಳಿದಳು. ಆಯಿ ಬಾಗಿಲಲ್ಲೇ ನಿಂತಿದ್ದಳು. ಕಾಕಿ ತಲೆಯೆತ್ತಿ, ಎಲ್ಲರಿಗೂ ಕೇಳುವ ಹಾಗೆ ಅಂದಳು.

"ಆಗಂಗಿಲ್ರಿ. ಆತು ಅಂದ್ರ, ನಮ್ಮತ್ತಿ ತರೋ ಹೆಣ್ಣಿಗಿ ನಾನೇ ನಿಂತು ಆರತಿ ಬೆಳಗ್ತೇನಿ."

ಹೆಂಗಸರು ಹೋ ಎಂದು ನಕ್ಕರು. ಆಯಿ ನಗಲಿಲ್ಲ. "ನೀವೆಲ್ಲಾರೂ ಕೇಳೀರಿ" ಅಂದಳು, ಅಷ್ಟೇ. ಆಗಲಾದರೂ ಹೇಳಬೇಕಿತ್ತು. ಮರುದಿನ ಹೇಳೋಣ ಅಂದುಕೊಂಡೆ, ಮರುದಿನ ಅವಳು ಹಾಡುತ್ತಿದ್ದಳು.

ಭಾದ್ರಪದದಲ್ಲಿ ಹೈದರಾಬಾದಿನ ಮೇಲೆ ದಂಡು ಬಂತು. ನಾಲ್ಕೈದು ದಿನದಲ್ಲಿ ಎಲ್ಲ ಮುಗಿಯಿತೆಂದು ಸುದ್ದಿ. ಹೊಳೆಯಾಚೆಯ ಗಂಡಸರು ತಿರುಗಿ ಬಂದರು. ಚಾವಡಿಯ ಮುಂದೆ ಸಕ್ಕರೆ ಹಂಚಿದರು. ಅದೇ ವಾರ, ನಸುಕಿನಲ್ಲಿ ಕಾಕಿ ಹಡೆದಳು. ಸೂಲಗಿತ್ತಿ ಹೊರಗೆ ಬಂದು ಆಯಿಗೆ ಹೆಣ್ಣುಕೂಸೆಂದು ಹೇಳಿದಳು.

"ಊರಿಗಿ ಸ್ವಾತಂತ್ರ್ಯ ಬಂತು, ನಮ್ಮನಿಗಿ ಮತ್ತ ಹೆಣ್ಣು ಬಂತು" ಎಂದು ಕಂಬಕ್ಕೆ ಒರಗಿದಳು.

ಒಳಗೆ ಹೋದೆ. ಕಾಕಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕೂಸು ಅವಳ ಬೆನ್ನ ಹಿಂದೆ ಬಟ್ಟೆಯ ಸುತ್ತಿನಲ್ಲಿತ್ತು. ಅದನ್ನು ಎತ್ತಿಕೊಂಡು ಕೂತೆ.

ದೀಪಾವಳಿ ಕಳೆದ ಮೇಲೆ ಕಾಕಾನ ಎರಡನೇ ಮದುವೆ ನಡೆಯಿತು. ಕಾಕಾ ಬೇಡವೆನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ತಲೆ ತಗ್ಗಿಸಿ ಕೂತಿದ್ದ. ಅಪ್ಪ ಒಮ್ಮೆ, "ಅವ್ವಾ, ಇನ್ನೊಂದು ವರ್ಷ ನೋಡೂಣು" ಅಂದ. ಆಯಿ, "ಮಾತು ಆಕಿನೇ ಆಡ್ಯಾಳ, ನಾ ಆಡಿಸಿಲ್ಲ" ಅಂದಳು. ಹೊಸ ಸೊಸೆ ಹೊಸ್ತಿಲಿಗೆ ಬಂದಾಗ ಯಾರೂ ಕರೆಯುವ ಮೊದಲೇ ಕಾಕಿ ಆರತಿ ತಟ್ಟೆ ಹಿಡಿದು ಬಂದು ನಿಂತಳು. ಬೆಳಗಿದಳು. ಕುಂಕುಮ ಹಚ್ಚಿದಳು. ನಾನು ಮೂಲೆಯಲ್ಲಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತು, ಇದೆಲ್ಲ ನಾನು ಮಾಡಿದ್ದು, ನಾನು ಮಾಡಿದ್ದು ಎಂದು ಒಳಗೇ ಅನ್ನುತ್ತಿದ್ದೆ.

ಎಳ್ಳಮಾಸಿ ಹಬ್ಬಕ್ಕೆ ಇನ್ನೂ ನಾಲ್ಕು ದಿನವಿದ್ದಾಗ ಮಟಕಿಯಿಂದ ಕಾಕಿಯ ಅಣ್ಣ ಗಾಡಿ ತಂದ. ಕಾಕಿಯೇ ಹೇಳಿಕಳಿಸಿದ್ದಳು. ಮೂರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೊರಟಳು. ನಾನು ಮಾತ್ರ ಅವಳು ಹಡೆದ ಕೂಸಲ್ಲ, ನನ್ನನ್ನು ಒಯ್ಯುವಂತಿರಲಿಲ್ಲ. ಅವಳ ಟ್ರಂಕು ಗಾಡಿಗೇರುವುದನ್ನು ನೋಡಿದವಳೇ ನಾನು ಹಿತ್ತಲು ದಾಟಿ ಓಡಿ ಜೇಕಿನೊಳಗೆ ಹೊಕ್ಕೆ. ನೀರು ಇಳಿದು ಕೆಸರು ಬಿರಿದಿತ್ತು. ಒಣಗಿದ ಎಲೆಯ ಅಂಚು ಕೈಕಾಲು ಗೀರಿತು. ಹೆಸರು ಹಿಡಿದು ಕೂಗುವುದು ಕೇಳಿಸಿತು, ಮೊದಲು ಅಪ್ಪನ ಧ್ವನಿ, ಆಮೇಲೆ ಕಾಕಿಯದು. "ನೀಲಾ, ಏ ನೀಲಾ!" ನಾನು ಎರಡೂ ಕಿವಿ ಮುಚ್ಚಿಕೊಂಡೆ. ಬಹಳ ಹೊತ್ತಿನ ಮೇಲೆ ಎತ್ತಿನ ಕೊರಳ ಗಂಟೆ ಸರಿದುಹೋಯಿತು.

ಮುಂದೆ ನನ್ನ ಮದುವೆಯಾಯಿತು. ಜೇವರ್ಗಿ ಸೀಮೆಯ ಇಜೇರಿಗೆ ಬಂದೆ. ಮಕ್ಕಳು, ಹೊಲ, ಮನೆ. ಮಟಕಿಯ ಸುದ್ದಿ ಆಗೀಗ ಬರುತ್ತಿತ್ತು. ಕಾಕಿ ಅಣ್ಣನ ಹೊಲದಲ್ಲಿ ದುಡಿದು ಮೂವರನ್ನೂ ದಡ ಮುಟ್ಟಿಸಿದಳು, ಆ ಕೊನೆಯ ಕೂಸು ಮಹಾದೇವಿ ಸಾಲಿಯಲ್ಲಿ ಕಲಿಸುವ ಬಾಯಿಯಾದಳು, ಎಂದೆಲ್ಲ. ಹೊಸ ಕಾಕಿಗೆ ಮಕ್ಕಳೇ ಆಗಲಿಲ್ಲ. ನಾನು ಮಟಕಿಗೆ ಹೋಗಲಿಲ್ಲ. ಹೋದರೆ ಹೇಳಬೇಕಾಗುತ್ತದೆ ಎಂಬ ಭಯ.

ನಲವತ್ತು ವರ್ಷದ ಮೇಲೆ, ಕಾಕಿ ಹಾಸಿಗೆ ಹಿಡಿದಿದ್ದಾಳೆಂದು ಮಹಾದೇವಿ ಹೇಳಿಕಳಿಸಿದಾಗ ಹೋದೆ. ಮುದುರಿ ಇಷ್ಟೇ ಆಗಿದ್ದಳು. ಕಾಲ ಬುಡದಲ್ಲಿ ಕೂತು ಎಲ್ಲ ಹೇಳಿದೆ. ಉಗುರು, ಸೀಳು, ಐದು ದಂಟು, ಎಲ್ಲ. ಅವಳು ದಿಂಬಿನ ಮೇಲೆ ತಲೆ ಹೊರಳಿಸಿ ನನ್ನ ಕಡೆ ನೋಡಿದಳು.

"ಯಾವ ಜೇಕು ಬೇ? ನನಗ ನೆನಪೇ ಇಲ್ಲ. ಆರತಿ ಬೆಳಗ್ತೇನಿ ಅಂದದ್ದು ನನ್ನ ಸೊಕ್ಕಿನ ಮಾತಿತ್ತು. ಸಿಟ್ಟು ಬಂದಿತ್ತು, ಆಡಿದೆ. ಅದಕ್ಕ ನೀ ಯಾಕ ಅಳಾಕತ್ತಿ?"

ಆಮೇಲೆ ಅವಳೇ ನನ್ನ ಕೈ ಹಿಡಿದಳು.

"ಒಂದು ಮಾತು ಕೇಳ್ತೇನಿ, ಖರೇ ಹೇಳು. ಅವತ್ತ ಗಾಡಿ ನಿಲ್ಲಿಸಿ ನಿನ್ನ ಕೂಗಿ ಕೂಗಿ ಸಾಕಾದೆ. ಎತ್ತು ಹೂಡಿ ನಿಂತಿದ್ವು, ಅಣ್ಣ ಬೈಯಾಕತ್ತಿದ್ದ, ನಾ ಹೋಗಗೊಡಲಿಲ್ಲ. ನೀ ಯಾಕ ಬರಲಿಲ್ಲ? ನಾ ಏನ್ ಮಾಡಿದ್ನಿ ನಿನಗ?"

ಕಾಕಿ ಆ ಬೇಸಿಗೆಯಲ್ಲೇ ಹೋದಳು. ಈಗ ನಮ್ಮೂರ ಹಳ್ಳದ ಬಾಯಿಯಲ್ಲಿ ಜೇಕಿಲ್ಲ. ಪಂಪು ಕೂತಿವೆ, ದಂಡೆಯವರೆಗೂ ಕಬ್ಬು. ಚಾಪೆ ಹೆಣೆಯುವವರೂ ಇಲ್ಲ, ಅದನ್ನು ಹಾಸಿಕೊಳ್ಳುವವರೂ ಇಲ್ಲ. ಅದಕ್ಕೆ ನನಗೆ ಅಷ್ಟು ಸಂಕಟವಿಲ್ಲ, ನೀರು ಬಂದ ಕಡೆ ಬೆಳೆ ಬದಲಾಗುತ್ತದೆ. ಆದರೆ ಇಜೇರಿಯಿಂದ ಮಟಕಿ ದೇಶಾಂತರವೇನಲ್ಲ. ಗಾಡಿಯ ಕಾಲದಲ್ಲಿ ಎರಡು ದಿನದ ಹಾದಿ, ಬಸ್ಸು ಬಂದ ಮೇಲೆ ಒಂದು ಹೊತ್ತಿನದು. ಆ ನಲವತ್ತು ವರ್ಷದಲ್ಲಿ ಯಾವ ದಿನ ಹೋಗಿದ್ದರೂ ಅವಳು ಬಾಗಿಲಿಗೆ ಬಂದು ನನ್ನನ್ನು ಒಳಗೆ ಕರೆದುಕೊಳ್ಳುತ್ತಿದ್ದಳು.